ನಮ್ಮ ಮನಿಯವರಿಗೆ

ಹುಲಿಗುಡ್ಡದ ಮೇಲಿನ ಸರ್ವರ್ ಕೇಂದ್ರಕ್ಕೆ ಎರಡು ಬಾಗಿಲು. ಕಟ್ಟಡಕ್ಕಲ್ಲ. ಕಲ್ಲಿನ ಆ ಕಟ್ಟಡಕ್ಕೆ ಇದ್ದದ್ದು ಒಂದೇ ಬಾಗಿಲು, ಅದು ಕಿರುಗುಟ್ಟಿದರೆ ಕೆಳಗಿನ ಓಣಿಯವರಿಗೂ ಕೇಳಿಸುತ್ತಿತ್ತು. ಎರಡು ಬಾಗಿಲು ಇದ್ದದ್ದು ಮಾತಿಗೆ.

ಮನುಷ್ಯರು ಮಂಗಳ ಗ್ರಹವನ್ನೂ ದಾಟಿ ಹೋಗಿ, ಅಲ್ಲಿ ತೇಲುವ ಹಿಮದ ಬಂಡೆಗಳನ್ನು ಒಡೆದು ನೀರು ಹೊತ್ತು ತರುತ್ತಿದ್ದ ಕಾಲ ಅದು. ಆಗಲೂ ಜನ ಮೇಲ್ ಎಂದೇ ಅನ್ನುತ್ತಿದ್ದರು. ಆದರೆ ಬರೆದು ಕಳಿಸುವವರು ಯಾರೂ ಉಳಿದಿರಲಿಲ್ಲ, ಎಲ್ಲರೂ ಆಡಿ ಕಳಿಸುವವರೇ. ಆಡಿದ ಮಾತು ನಡುವಿನ ಹನ್ನೊಂದು ಠಾಣೆಗಳನ್ನು ಹಾಯ್ದು, ಮೂವತ್ತೊಂದು ನಿಮಿಷ ಆಕಾಶದಲ್ಲಿ ನಡೆದು ಊರು ಸೇರಬೇಕು. ಕೊನೆಯ ಠಾಣೆ ಹುಲಿಗುಡ್ಡದ್ದು.

ಮೊದಲನೆಯದು ಒಪ್ಪಿಸುವ ಬಾಗಿಲು. ಕಳಿಸುವವರೇ ಎದುರು ನಿಂತು ತಮ್ಮ ಮಾತನ್ನು ಸರ್ವರಿನ ಕೈಗೆ ಒಪ್ಪಿಸುವ ಜಾಗ ಅದು. ಅಲ್ಲಿನ ಯಂತ್ರಕ್ಕೆ ತಿದ್ದುವ ಹಕ್ಕಿತ್ತು. ನೀವು ಯಾರು ಎಂದು ಕೇಳಬಹುದು, ತಾರೀಖು ಇಲ್ಲದಿದ್ದರೆ ಹಾಕಬಹುದು, ‘ದೊಡ್ಡವ್ವಗ’ ಎಂದಷ್ಟೇ ಹೇಳಿದರೆ ಯಾವ ದೊಡ್ಡವ್ವ ಎಂದು ನೋಡಿ ಪೂರ್ತಿ ಹೆಸರು ಸೇರಿಸಬಹುದು. ಎಲ್ಲ ಸರಿಯಾದ ಮೇಲೆ, ಕಳಿಸಿದವರ ದನಿಯಿಂದಲೇ ಹೆಣೆದ ಮುದ್ರೆಯೊಂದು ವಿಳಾಸಕ್ಕೂ ಒಳಗಿನ ಮಾತಿಗೂ ಕೂಡಿಯೇ ಬೀಳುತ್ತಿತ್ತು.

ಎರಡನೆಯದು ದಾಟಿಸುವ ಬಾಗಿಲು. ಬೇರೊಂದು ಠಾಣೆಯಿಂದ ಸಾಗಿ ಬಂದದ್ದನ್ನು ಬಂದ ಹಾಗೆಯೇ ಮುಂದಕ್ಕೆ ಕೊಡುವ ಜಾಗ. ಅಲ್ಲಿ ಯಾರಿಗೂ ಯಾವ ಹಕ್ಕೂ ಇರಲಿಲ್ಲ. ಒಂದು ಉಸಿರನ್ನು ಆಚೀಚೆ ಮಾಡಿದರೂ ಮುದ್ರೆ ಒಡೆದು, ಒಳಗಿನ ಮಾತು ಬರೀ ಸದ್ದಾಗಿಬಿಡುತ್ತಿತ್ತು. ವಿಳಾಸ ಸರಿಯಿದ್ದರೆ ತಲುಪಿಸಬೇಕು. ಇಲ್ಲದಿದ್ದರೆ ನಾಲ್ಕು ದಿನ ಇಟ್ಟುಕೊಂಡು ಕಾಯಬೇಕು, ಇಲ್ಲವೇ ಬಂದ ದಾರಿಗೆ ಹಿಂತಿರುಗಿಸಬೇಕು. ಅಷ್ಟೇ.

ಹೊಸಬರು ಯಾರಾದರೂ ಇದೇಕೆ ಹೀಗೆ ಎಂದು ಕೇಳಿದರೆ ಕೇಂದ್ರದ ಹಿರಿಯ ದಸ್ತಗೀರ ಸಾಹೇಬರು ಪಲ್ಲಕ್ಕಿಯ ಮಾತು ತೆಗೆದು ಹೇಳುತ್ತಿದ್ದರು. ಗುಡಿಯೊಳಗೆ ಪೂಜಾರಿ ದೇವರ ಹಾರ ಸರಿಪಡಿಸಬಹುದು. ಪಲ್ಲಕ್ಕಿ ಹೊತ್ತವರು ಹಾರ ಜಾರಿದರೂ ಕೈ ಹಾಕುವಂತಿಲ್ಲ, ಅವರ ಕೈ ಇರುವುದು ಹೊರುವುದಕ್ಕೆ.

ಈ ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಮೊದಲು ಪ್ರತಿ ಠಾಣೆಯ ಯಂತ್ರವೂ ತನ್ನಿಂದಾದ ಉಪಕಾರ ಮಾಡುತ್ತಿತ್ತು. ಒಂದು ಸಲ ಗಾಳಿ ಸೋರುತ್ತಿದ್ದ ಹಡಗಿನಿಂದ ಒಬ್ಬಾತ ಸಹಾಯ ಕೇಳಿ ಮಾತು ಕಳಿಸಿದ. ಒಂದು ಠಾಣೆ ಅವನ ಕೆಮ್ಮನ್ನು ತೆಗೆಯಿತು. ಇನ್ನೊಂದು ಏದುಸಿರನ್ನು ಒರೆಸಿತು. ಮತ್ತೊಂದು ನಡುಗುವ ದನಿಯನ್ನು ನೆಟ್ಟಗೆ ಮಾಡಿತು. ಭೂಮಿಗೆ ಬರುವಷ್ಟರಲ್ಲಿ ಅದು ಊಟ ಮುಗಿಸಿ ಕಟ್ಟೆಯ ಮೇಲೆ ಕೂತವನ ದನಿಯಾಗಿತ್ತು. ಅವಸರವೇನಿಲ್ಲ ಎಂದುಕೊಂಡು ರಕ್ಷಣೆಯವರು ಮೂರು ದಿನ ತಡವಾಗಿ ಹೊರಟರು. ಅಂದಿನಿಂದ ದಾಟಿಸುವ ಬಾಗಿಲಿನಲ್ಲಿ ಉಪಕಾರ ನಿಂತಿತು.

ಆ ಬಾಗಿಲು ಕಾಯುವ ಕೆಲಸ ನೀಲಗಂಗವ್ವನದು. ಹದಿನೇಳು ವರ್ಷದಿಂದ ಅದನ್ನು ಪೂಜೆಯ ಹಾಗೆ ಮಾಡುತ್ತಿದ್ದಳು. ಬೆಳಿಗ್ಗೆ ಯಂತ್ರದ ಮುಂದೆ ಕೂರುವ ಮೊದಲು ಕೈ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿ ಬನಶಂಕರಿಯನ್ನು ನೆನೆಯುತ್ತಿದ್ದಳು.

ಆ ದಿನ ಹತ್ತೂ ಇಪ್ಪತ್ತಕ್ಕೆ ಎರಡನೆಯ ಬಾಗಿಲಿನ ದೀಪ ಹತ್ತಿಕೊಂಡಿತು.

‘ಜಲವಾಹಿನಿ’ ಎಂಬ ನೀರಿನ ಹಡಗಿಗೆ ಹಿಂದಿನ ದಿನ ಕಲ್ಲು ಬಡಿದಿತ್ತು. ಒಳಗೆ ಆರು ಜನ. ಇನ್ನು ಎರಡು ದಿನಕ್ಕಾಗುವಷ್ಟು ಗಾಳಿ. ಹತ್ತಿರದ ಸಹಾಯ ಹತ್ತೊಂಬತ್ತು ದಿನ ದೂರ. ಹಡಗಿನ ದೊಡ್ಡ ಯಂತ್ರಗಳೆಲ್ಲ ಸತ್ತು, ಅಪಾಯದ ಪೆಟ್ಟಿಗೆ ಒಂದೇ ಉಳಿದಿತ್ತು. ಒಬ್ಬೊಬ್ಬರಿಗೆ ಒಂದೊಂದು ಮೇಲ್ ಎಂದು ಅವರವರೇ ಮಾತಾಡಿಕೊಂಡಿದ್ದರಂತೆ. ಐದು ಜನರ ಮಾತು ಮುಂಜಾನೆಯಿಂದ ಒಂದೊಂದಾಗಿ ಬಂದು, ಐದು ಊರುಗಳಿಗೆ ತಲುಪಿತ್ತು. ನೀಲಗಂಗವ್ವ ಕಾಯುತ್ತಿದ್ದದ್ದು ಆರನೆಯದಕ್ಕೆ. ಅದು ಅವಳ ತಮ್ಮನ ಹೆಂಡತಿ ಕಾಶವ್ವನದು. ಕಾಶವ್ವ ಆ ಹಡಗಿನಲ್ಲಿ ಬೆಸುಗೆಯವಳು.

ಪರದೆಯ ಮೇಲೆ ಸಾಲುಗಳು ಮೂಡಿದವು. ಕಳಿಸಿದವರು: ಕಾಶವ್ವ ಕಂದಗಲ್ಲ. ಒಳಗಿನ ಮಾತು: ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಪೆಟ್ಟಿಗೆಯ ಬ್ಯಾಟರಿ: ನೂರಕ್ಕೆ ಒಂಬತ್ತು. ಕೆಳಗೆ ಕೆಂಪಕ್ಷರದಲ್ಲಿ: ಇಂಥ ವಿಳಾಸದಾರರು ಇಲ್ಲ.

ಒಳಗಿನ ಮಾತನ್ನು ಠಾಣೆಯವರು ಕೇಳುವಂತಿರಲಿಲ್ಲ. ವಿಳಾಸವನ್ನು ಕೇಳಬಹುದಿತ್ತು. ನೀಲಗಂಗವ್ವ ಗುಂಡಿ ಒತ್ತಿದಳು. ಯಾರಿಗೆ ಎಂದು ಪೆಟ್ಟಿಗೆ ಕೇಳಿತು. ಆಮೇಲೆ ಕಾಶವ್ವನ ದನಿ, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡ ಹಾಗಿತ್ತು:

“ನಮ್ಮ ಮನಿಯವರಿಗ್ರಿ.”

ನೀಲಗಂಗವ್ವ ಕುರ್ಚಿಯ ಕೈ ಹಿಡಿದುಕೊಂಡಳು.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬುವ ಹೆಂಗಸರು ಆ ಕಾಲಕ್ಕೆ ತೀರ ಕಡಿಮೆ. ಆದರೆ ಮಗ್ಗದ ಓಣಿಯಲ್ಲಿ ಇದ್ದರು, ಕಾಶವ್ವ ಅವರಲ್ಲಿ ಗಟ್ಟಿ. ಗಂಡನ ಹೆಸರು ಅಡಿವೆಪ್ಪ ಎಂದು ಅವಳು ‘ಅಡವಿ’ ಅಂತಲೂ ಅನ್ನುತ್ತಿರಲಿಲ್ಲ. ‘ಗಿಡ ಭಾಳ ಇರೂ ಜಾಗ’ ಅನ್ನುತ್ತಿದ್ದಳು. ಮದುವೆಯಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳು ಎಂದು ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತಾಗ, ‘ಹಾಸಿನ್ಯಾಗ ಹಸರು ಎಳಿ, ಹೊಕ್ಕಿನ್ಯಾಗ ಕೆಂಪು ಎಳಿ, ಮಗ್ಗದ ಮುಂದ ಕುಂತಾರ ನೋಡ್ರಿ’ ಎನ್ನುವ ತನಕ ಬಂದು, ಹೆಸರಿನ ಹತ್ತಿರ ನಿಂತುಬಿಟ್ಟಳು. ನಕ್ಕು ನಕ್ಕು ಸಾಕಾಗಿ ಅವರೇ ಬಾಗಿಲು ಬಿಟ್ಟರು.

ಮೂರು ವರ್ಷದ ಹಿಂದೆ ಹಡಗು ಹತ್ತುವ ಮುಂಚೆ ಅದರೊಳಗಿನ ಒಪ್ಪಿಸುವ ಯಂತ್ರಕ್ಕೆ ಬೇಕಾದ ಹೆಸರುಗಳ ಪಟ್ಟಿ ಕೊಡಬೇಕಾಗಿತ್ತು. ಆ ಪಟ್ಟಿಯಲ್ಲೂ ಕಾಶವ್ವ ‘ನಮ್ಮ ಮನಿಯವರು’ ಎಂದೇ ಬರೆಸಿದ್ದಳು. ನೀಲಗಂಗವ್ವ ಅಂದಿದ್ದಳು:

“ಯಾಕವಾ, ಚಂದ್ರಲೋಕ ದಾಟಿ ಹೊಂಟೀ, ಈಗರ ಒಂದ್ಸಲ ಹೇಳ.”

“ಬ್ಯಾಡ್ರಿ ಅಕ್ಕಾರ. ದೂರ ಇದ್ದಾಗ ಅವರ ಆಯುಷ್ಯದ ಚಿಂತಿ ಇನ್ನಾ ಹೆಚ್ಚು.”

ನೀಲಗಂಗವ್ವ ನಕ್ಕು, ತಾನೇ ಕೂತು ಹಡಗಿನ ಯಂತ್ರಕ್ಕೆ ಕಲಿಸಿದ್ದಳು: ಈ ದನಿ ‘ನಮ್ಮ ಮನಿಯವರು’ ಎಂದರೆ ಅಡಿವೆಪ್ಪ ಹೊಳಿಯಪ್ಪ ಕಂದಗಲ್ಲ ಎಂದು ತಿದ್ದಿಕೋ. ಮೂರು ವರ್ಷ ಯಂತ್ರ ತಿದ್ದಿಕೊಂಡಿತು. ಒಂದು ಮೇಲ್ ಕೂಡ ತಪ್ಪಲಿಲ್ಲ. ಈಗ ಆ ಯಂತ್ರ ಸತ್ತಿತ್ತು. ಅಪಾಯದ ಪೆಟ್ಟಿಗೆಗೆ ತಿದ್ದಲು ಬಾರದು. ಅದು ಆಡಿದ್ದನ್ನು ಆಡಿದ ಹಾಗೆ, ಆಡುತ್ತಿದ್ದಂತೆಯೇ ಮುದ್ರೆ ಒತ್ತಿ, ನೇರ ದಾಟಿಸುವ ಬಾಗಿಲಿಗೆ ಎಸೆಯುತ್ತದೆ. ತಾನು ಪ್ರೀತಿಯಿಂದ ಮಾಡಿದ್ದೇ ಈಗ ಅಡ್ಡ ನಿಂತಿದೆ ಎಂದು ನೀಲಗಂಗವ್ವನಿಗೆ ಹೊಳೆದದ್ದು ಆಗ.

ದಸ್ತಗೀರ ಸಾಹೇಬರು ಬಂದು ಅವಳ ಬೆನ್ನ ಹಿಂದೆ ನಿಂತು ಪರದೆ ನೋಡಿದರು.

“ಸಾಹೇಬ್ರ, ಇದು ಯಾರಿಗಂತ ನಂಗ ಗೊತ್ತೈತಿ.”

“ನಂಗೂ ಗೊತ್ತೈತಿ ನೀಲವ್ವ. ಊರಿಗೆಲ್ಲ ಗೊತ್ತೈತಿ. ಸರ್ವರಿಗೆ ಗೊತ್ತಿಲ್ಲ.”

“ಇದನ್ನ ಒಪ್ಪಿಸಿದ ಮಾತು ಅಂತ ತಗೊಳ್ಳಾಕ ಬರಂಗಿಲ್ಲೇನ್ರಿ? ಒಂದು ಹೆಸರು ಸೇರಿಸೂದು, ಅಷ್ಟ.”

“ಒಪ್ಪಿಸಾಕ ಅಕಿ ಎದುರಿಗೆ ನಿಂದರಬೇಕವಾ. ಅಕಿ ಎಲ್ಲದಾಳ, ನಾವೆಲ್ಲಿದ್ದೀವಿ. ಮುದ್ರಿ ಬಿದ್ದು ಬಂದೈತಿ. ನಾವು ಹೆಸರು ಹಚ್ಚಿದಿವಿ ಅಂದ್ರ ಒಳಗಿನ ಮಾತು ಸುಟ್ಟು ಬೂದಿ.” ಅವರು ಟೋಪಿ ತೆಗೆದು ತಲೆ ಸವರಿಕೊಂಡರು. “ನಾನೂ ಮನುಷ್ಯಾನ. ಆಗೂದಿದ್ರ ನಿನಗಿಂತ ಮದ್ಲ ನಾನ ಕೈ ಹಾಕ್ತಿದ್ದೆ.”

“ನಾವರ ಒಂದು ಮೇಲ್ ಕಳಸೂಣು. ಹೆಸರು ಹೇಳವಾ ಅಂತ.”

“ಹೊಸಾ ಮಾತು ಆ ಪೆಟಗಿ ತಗೊಳ್ಳಂಗಿಲ್ಲ. ತಾ ಕಳಸಿದ್ದು ಏನಾತು ಅಂತ ಅಷ್ಟ ಕೇಳ್ತೈತಿ.”

ಆಗ ಉಳಿದದ್ದು ಎರಡೇ ದಾರಿ. ಇಟ್ಟುಕೊಂಡರೆ ಆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ನಾಲ್ಕು ದಿನ ಈ ಕೋಣೆಯಲ್ಲಿ ಇರುತ್ತದೆ, ಯಾರಿಗೂ ಕೇಳಿಸದೆ. ಆಮೇಲೆ ಉಸಿರಿಲ್ಲದ ಹಡಗಿಗೆ ವಾಪಸು ಹೋಗುತ್ತದೆ. ಈಗಲೇ ಹಿಂತಿರುಗಿಸಿದರೆ ಇಲ್ಲಿಯ ಪ್ರತಿ ಅಳಿಸಿಹೋಗುತ್ತದೆ, ಪೆಟ್ಟಿಗೆಯೂ ಆಡಿದ್ದನ್ನು ಇಟ್ಟುಕೊಳ್ಳುವುದಿಲ್ಲ. ಕಾಶವ್ವ ಎಲ್ಲವನ್ನೂ ಮತ್ತೆ ಆಡಬೇಕು, ಅದೂ ಹೆಸರು ಹೇಳಬೇಕು ಎಂದು ಅವಳಿಗೇ ಹೊಳೆದರೆ. ಹಿಂತಿರುಗಿಸುವಾಗ ಸರ್ವರ್ ಹೇಳುವುದು ಮೂರೇ ಮಾತು, ಅದಕ್ಕೆ ಒಂದಕ್ಷರ ಸೇರಿಸುವಂತಿಲ್ಲ: ಇಂಥ ವಿಳಾಸದಾರರು ಇಲ್ಲ.

ಸಾಯುವವಳಿಗೆ ಊರಿನಿಂದ ಹೋಗುವ ಕೊನೆಯ ಮಾತು ಅದು. ನಿನ್ನ ಗಂಡ ಎಂಬುವವನು ಇಲ್ಲ.

“ಬ್ಯಾಟರಿ ಸುಮ್ಕ ಇದ್ರೂ ತಾಸಿಗೆ ಒಂದು ಪಾಲು ಇಳೀತೈತಿ, ಮಾತಾಡಿದ್ರ ಇನ್ನಾ ಜೋರು,” ಅಂದರು ಸಾಹೇಬರು. “ಯೋಚನೆ ಮಾಡಾಕ ಭಾಳ ಹೊತ್ತಿಲ್ಲ.”

“ಇದು ನಂದಲ್ರಿ. ಅಂವನ್ನ ಕೇಳಿ ಬರ್ತೀನಿ,” ಎಂದು ನೀಲಗಂಗವ್ವ ಎದ್ದಳು.

ಗುಡ್ಡದಿಂದ ಮಗ್ಗದ ಓಣಿಗೆ ಗಾಡಿಯ ಮೇಲೆ ಇಪ್ಪತ್ತು ನಿಮಿಷ. ಮನೆಯ ಪಡಸಾಲೆಯಲ್ಲಿ ಅಡಿವೆಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದ. ಕುಬಸದ ಖಣ ನೆಯ್ಯುತ್ತಿದ್ದ. ಸುದ್ದಿ ಬಂದಾಗಿನಿಂದ ಅವನು ಎದ್ದದ್ದೇ ಕಡಿಮೆ. ಲಾಳಿ ಅತ್ತ ಹೋಗಿ ಇತ್ತ ಬರುತ್ತಿರುವ ತನಕ ಏನೂ ಮುಗಿದಿಲ್ಲ ಅನ್ನುವ ಹಾಗೆ. ಪಕ್ಕದಲ್ಲಿ ತಾಯಿ ಹಂಪವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

ಅಕ್ಕನ ಮುಖ ನೋಡಿ ಅಡಿವೆಪ್ಪ ಲಾಳಿ ನಿಲ್ಲಿಸಿದ. “ಬಂತೇನಕ್ಕ?”

“ಬಂದೈತಿ. ನಿಂಗ ಕೊಡಾಕ ಬರಂಗಿಲ್ಲ.”

ಅವಳು ಎಲ್ಲವನ್ನೂ ಹೇಳಿದಳು, ಎರಡು ಬಾಗಿಲಿನದ್ದು, ಮುದ್ರೆಯದ್ದು, ತಾನು ಹಡಗಿನ ಯಂತ್ರಕ್ಕೆ ಕಲಿಸಿದ್ದು. ಅವನು ತಲೆ ತಗ್ಗಿಸಿ ಕೇಳಿದ. ಕಡೆಗೆ ಒಂದೇ ಕೇಳಿದ:

“ಎಷ್ಟು ಉದ್ದ ಐತಿ?”

“ನಾಕು ನಿಮಿಷ ಹನ್ನೊಂದು ಸೆಕೆಂಡು.”

“ಅಷ್ಟು ಮಾತಾಡ್ಯಾಳ.” ಅವನು ಮಗ್ಗದ ಮೇಲಿನ ಬಟ್ಟೆಯನ್ನು ಅಂಗೈಯಿಂದ ಸವರಿದ. “ಎದುರಿಗಿದ್ದಾಗ ಅಷ್ಟು ಒಮ್ಮೆನೂ ಮಾತಾಡಿದಾಕಿ ಅಲ್ಲ.”

ಹಂಪವ್ವ ಕಂಡಿಕೆ ಕೆಳಗಿಟ್ಟಳು. “ಬಾಗಲಕೋಟಿ ಬಸ್ ಸ್ಟ್ಯಾಂಡಿನ್ಯಾಗ ನಿಮ್ಮಪ್ಪ ತಪ್ಪಿಸ್ಕೊಂಡಿದ್ದ ನೋಡು. ಮೈಕಿನ್ಯಾಗ ಕೂಗ್ತೀವಿ, ಹೆಸರು ಹೇಳಬೇ ಮುದುಕಿ ಅಂದ್ರು. ನಾ ಹೇಳಲಿಲ್ಲ. ತಲಿಗೆ ಕೆಂಪು ಪಟಗಾ ಸುತ್ತ್ಯಾರ, ಬಾಯಾಗ ಎಲಿ ಐತಿ ಅಂದೆ. ಮೈಕಿನ್ಯಾಗ ಅದನ್ನ ಕೂಗಿದ್ರು. ನಲವತ್ತು ಮಂದಿ ಕೆಂಪು ಪಟಗಾದವರು ಬಂದು ನಿಂತರು, ನಿಮ್ಮಪ್ಪ ಒಬ್ಬಾಂವ ಬರಲಿಲ್ಲ.” ಅವಳು ನಕ್ಕಳು, ನಗು ನಡುವೆಯೇ ನಿಂತಿತು. “ಕಾಶಿಗೆ ನಾನ ಕಲಿಸೇನಿ ನೀಲಾ. ಲಗ್ನ ಆಗಿ ಬಂದ ಮರುದಿನಾನ ಕಲಿಸೇನಿ.”



“ಹಿಂದ ಕಳಸಿದ್ರ ಅಕಿಗೆ ತಿಳೀತೈತೇನು?” ಅಡಿವೆಪ್ಪ ಕೇಳಿದ.

“ಗೊತ್ತಿಲ್ಲಪಾ. ಇಂಥವರು ಯಾರೂ ಇಲ್ಲ ಅಂತ ಅಷ್ಟ ಹೋಗ್ತೈತಿ. ನೀ ಇಲ್ಲ ಅಂತ ತಿಳ್ಕೊಂಡ್ರೂ ತಿಳ್ಕೋಬಹುದು.”

“ಇಟ್ಕೊಂಡ್ರ?”

“ಅಕಿ ಮಾತು ನಾಕು ದಿನ ನಮ್ಮೂರಾಗ ಇರ್ತೈತಿ. ನೀ ಗುಡ್ಡಕ್ಕ ಬಂದ್ರ ಯಂತ್ರದ ಮುಂದ ಕುಂದರಬಹುದು. ಅಷ್ಟ.”

ಹಾಸಿನ ಎಳೆಗಳ ಮೇಲೆ ಬೆಳಕಿಂಡಿಯ ಬಿಸಿಲು ಬಿದ್ದು, ಸಾವಿರ ಎಳೆಗಳೂ ಬೇರೆ ಬೇರೆಯಾಗಿ ಕಾಣುತ್ತಿದ್ದವು.

“ನಾ ಏನ್ ಹೇಳ್ಲಿ ಅಕ್ಕ,” ಅಂದ. “ಹೇಳಾಕ ನಂಗ ಬಾಯಿಲ್ಲ.”

ಹಂಪವ್ವ ಗೋಡೆ ಹಿಡಿದು ಎದ್ದಳು. ದೇವರ ಮಾಡದ ಮುಂದೆ ಹೋಗಿ, ಕೈ ಮುಗಿಯದೆ ನಿಂತಳು. ಬೆನ್ನು ಮಾಡಿಕೊಂಡೇ ಅಂದಳು: “ಹಿಂದಕ್ಕ ಕಳಸು. ಅಕಿ ಬೆಸಿಗಿ ಮಾಡಾಕಿ. ಬೆಸಿಗಿ ಎಲ್ಲಿ ಬಿಟ್ಟೈತಿ ಅಂತ ಅಕಿ ಕಣ್ಣಿಗೆ ಕಾಣ್ತೈತಿ.”

ಅಡಿವೆಪ್ಪ ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಲಾಳಿಯನ್ನು ಎತ್ತಿಕೊಂಡು, ನೆಯ್ಯದೆ, ಕೈಯಲ್ಲಿ ಹಿಡಿದು ಕೂತ.

ನೀಲಗಂಗವ್ವ ಮತ್ತೆ ಗುಡ್ಡ ಹತ್ತಿದಾಗ ಹನ್ನೊಂದೂ ನಲವತ್ತು. ಹೋಗಿ ಬಂದದ್ದಕ್ಕೆ ಒಂದು ತಾಸಿನ ಮೇಲೆಯೇ ಹೋಗಿತ್ತು. ಕೈ ತೊಳೆದಳು. ಕಣ್ಣು ಮುಚ್ಚಿದಳು, ಆದರೆ ಏನನ್ನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಆಮೇಲೆ ಹಿಂತಿರುಗಿಸುವ ಗುಂಡಿ ಒತ್ತಿದಳು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಎಂಬ ಸಾಲು ಪರದೆಯಿಂದ ಸದ್ದಿಲ್ಲದೆ ಹೋಯಿತು. ಹನ್ನೊಂದು ಠಾಣೆಗಳ ದೀಪಗಳು ಒಂದರ ನಂತರ ಒಂದು ಹತ್ತಿ ಆರಿದವು.

ಮೂವತ್ತೊಂದು ನಿಮಿಷಕ್ಕೆ ಆ ಮೂರು ಮಾತು ಹಡಗು ಮುಟ್ಟಿರಬೇಕು. ಇನ್ನೂ ಮೂವತ್ತೊಂದು ನಿಮಿಷಕ್ಕೆ ಉತ್ತರ ಬರಬಹುದಿತ್ತು. ಬರಲಿಲ್ಲ. ಒಂದಾಯಿತು, ಎರಡಾಯಿತು. ಸಾಹೇಬರು ಜೋಹರ್ ನಮಾಜು ಮುಗಿಸಿ ಬಂದು, ಒಂದು ಲೋಟ ಚಹಾ ತಂದಿಟ್ಟರು. ಅದು ಆರಿತು. ಅವಳ ತಲೆಯಲ್ಲಿ ಬ್ಯಾಟರಿಯ ಲೆಕ್ಕ ಓಡುತ್ತಿತ್ತು: ಈಗ ಆರು ಪಾಲು, ಈಗ ಐದು. ನಾನು ಮನೆಗೆ ಹೋಗಿ ಕೇಳಿ ಬಂದದ್ದು ಒಂದು ಪಾಲು.

“ಅಕಿ ಮುನಿಸ್ಕೊಂಡಿರಬೇಕ್ರಿ,” ಅಂದಳು.

“ಇರ್ಲಿ,” ಅಂದರು ಸಾಹೇಬರು. “ಮುನಿಸ್ಕೊಳ್ಳಾಕ ಗಂಡ ಅದಾನ ಅಂತ ಗೊತ್ತಿರಬೇಕಲ್ಲ.”

ಮೂರೂ ನಲವತ್ತೈದಕ್ಕೆ ದೀಪ ಹತ್ತಿತು.

ಎರಡನೆಯ ಬಾಗಿಲು. ಕಳಿಸಿದವರು: ಕಾಶವ್ವ ಕಂದಗಲ್ಲ. ಮುದ್ರೆ: ಸರಿ. ವಿಳಾಸ: ಎರಡು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು. ಒಳಗಿನ ಮಾತು: ಇಲ್ಲ. ಬ್ಯಾಟರಿ: ಇಲ್ಲ.

ಸಾಹೇಬರು ಮೆಲ್ಲಗೆ ಕುರ್ಚಿ ಎಳೆದು ಕೂತರು. ಈ ಸಲ ಕೆಂಪಕ್ಷರ ಇರಲಿಲ್ಲ. ತಲುಪಿಸಲಾಗಿದೆ ಎಂದು ಹಸಿರಿನಲ್ಲಿ ಬರೆದಿತ್ತು. ವಿಳಾಸ ಸರಿಯಿತ್ತು. ಆ ವಿಳಾಸವನ್ನು ಕೇಳುವ ಹಕ್ಕು ನೀಲಗಂಗವ್ವನಿಗೆ ಇತ್ತು, ಆದರೆ ಅವಳು ಗುಂಡಿ ಒತ್ತಲಿಲ್ಲ. ಬಾಗಿಲು ಕಿರುಗುಟ್ಟಿಸಿ ಹೊರಬಿದ್ದಳು.

ಅಡಿವೆಪ್ಪ ಅದನ್ನು ಇನ್ನೂ ತೆರೆದಿರಲಿಲ್ಲ. ಮನೆಯ ಮೇಲ್ ಪೆಟ್ಟಿಗೆಯಲ್ಲಿ ದೀಪ ಮಿನುಗುತ್ತಿತ್ತು, ಅವನು ಅದರ ಮುಂದೆ ಮಂಡಿ ಊರಿ ಕೂತಿದ್ದ. “ನೀ ಬರ್ಲಿ ಅಂತ ಕುಂತಿದ್ದೆ,” ಅಂದ. ಹಂಪವ್ವ ಮಗ್ಗದ ಕಂಬಕ್ಕೆ ಒರಗಿ ನಿಂತಿದ್ದಳು.

ಅವನು ಗುಂಡಿ ಒತ್ತಿದ.

ಯಾರಿಗೆ ಎಂದು ಹಡಗಿನ ಪೆಟ್ಟಿಗೆ ಕೇಳಿತು. ಉತ್ತರವಿಲ್ಲ. ಗಾಳಿಯ ಸಣ್ಣ ಸದ್ದು. ಯಾರೋ ದೂರದಲ್ಲಿ ಲೋಹದ ಮೇಲೆ ಏನನ್ನೋ ಇಟ್ಟ ಸದ್ದು. ಉಸಿರು ಒಂದು ಸಲ ಮಾತಿನ ಅಂಚಿಗೆ ಬಂದು ಹಿಂದೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಅರ್ಧ ನಿಮಿಷ, ಒಂದು ನಿಮಿಷ. ಹನ್ನೊಂದು ಠಾಣೆಗಳಲ್ಲಿ ಒಂದೂ ಆ ಮೌನವನ್ನು ಕತ್ತರಿಸಿರಲಿಲ್ಲ, ಅದು ಹಡಗಿನಲ್ಲಿ ಎಷ್ಟಿತ್ತೋ ಪಡಸಾಲೆಯಲ್ಲೂ ಅಷ್ಟೇ ಇತ್ತು. ನೀಲಗಂಗವ್ವನಿಗೆ ಬ್ಯಾಟರಿ ಇಳಿಯುವುದು ಕಣ್ಣಿಗೆ ಕಟ್ಟಿತು. ಹೇಳ, ಹೇಳವಾ ಎಂದು ತುಟಿ ಅಲುಗಿಸಿದಳು, ಅದೆಲ್ಲ ಎಂದೋ ನಡೆದು ಮುಗಿದುಹೋಗಿದೆ ಎಂದು ಗೊತ್ತಿದ್ದೂ. ಎರಡು ನಿಮಿಷ ಹತ್ತು ಸೆಕೆಂಡು.

ಆಮೇಲೆ ಕಾಶವ್ವನ ದನಿ ಬಂತು. ಬಾಯಿಗೆ ಸೆರಗು ಇರಲಿಲ್ಲ.

“ಅಡಿವೆಪ್ಪ,” ಅಂದಿತು. ಒಂದು ಉಸಿರು ನಿಂತು, ಸಣ್ಣಗೆ ನಕ್ಕ ಹಾಗಾಯಿತು. “ಅಡಿವೆಪ್ಪ ಹೊಳಿಯಪ್ಪ ಕಂದಗಲ್ಲ. ಮಗ್ಗದ ಓಣಿ, ಬನಶಂಕರಿ ಗುಡಿ ಹಿಂದ…”

ಅಲ್ಲಿಗೆ ನಿಂತಿತು. ಪೆಟ್ಟಿಗೆಯ ದೀಪ ಆರಿತು.

ಬೀದಿಯಲ್ಲಿ ಯಾರದೋ ಮನೆಯ ಮಗ್ಗ ಟಕ ಟಕ ಎನ್ನುತ್ತಿತ್ತು. ಹಂಪವ್ವ ಸೆರಗಿನಿಂದ ಮುಖ ಒರೆಸಿಕೊಂಡು, “ಯವ್ವಾ ಕಾಶಿ, ನಿನ್ನ ಆಯುಷ್ಯ,” ಎಂದು ಶುರು ಮಾಡಿ, ಮುಗಿಸಲಿಲ್ಲ.

“ಒಳಗ ಏನೂ ಇಲ್ಲಪಾ,” ನೀಲಗಂಗವ್ವ ಅಂದಳು. “ಮದ್ಲಿಂದು ನಾನ ಹಿಂದಕ್ಕ ಕಳಸಿದೆ. ನಾಕು ನಿಮಿಷ ಇತ್ತು. ಏನ್ ಹೇಳಿದ್ಲೋ ಇನ್ನ ಯಾರಿಗೂ ಗೊತ್ತಾಗಂಗಿಲ್ಲ. ತಪ್ಪು ಮಾಡಿದ್ನೇನೋ.”

ಅಡಿವೆಪ್ಪ ಪೆಟ್ಟಿಗೆಯ ಮೇಲೆ ಕೈ ಇಟ್ಟ. ಆಮೇಲೆ ಕೇಳಿದ: “ಇದು ಯಾವ ಬಾಗಲದಿಂದ ಬಂತು?”

“ದಾಟಸೂ ಬಾಗಲದಿಂದ.”

“ದಾರ್‍ಯಾಗ ಯಾರೂ ತಿದ್ದಿಲ್ಲ?”

“ಇಲ್ಲ.”

“ಹೆಸರು ಯಂತ್ರ ಹಚ್ಚಿದ್ದಲ್ಲ?”

“ಯಾರೂ ಮುಟ್ಟಿಲ್ಲ ತಮ್ಮಾ. ಹನ್ನೊಂದು ಠಾಣೇದಾಗ ಯಾರೂ ಮುಟ್ಟಿಲ್ಲ.”

ಅವನು ತಲೆ ಆಡಿಸಿದ. “ಹಂಗಾರ ಅಕಿನ ಅಂದದ್ದು,” ಅಂದ.

ಎದ್ದು ಹೋಗಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟ. ಲಾಳಿ ಎತ್ತಿಕೊಂಡ. ಒಂದು ಎಳೆ ಹಾಕಿ ನಿಲ್ಲಿಸಿ, ತಿರುಗದೆ ಹೇಳಿದ: “ಇನ್ನೊಮ್ಮೆ ಹಚ್ಚಕ್ಕ. ಮದ್ಲಿಂದ ಹಚ್ಚು, ಸುಮ್ಕ ಇದ್ದದ್ದೂ ಕೂಡಿ.”